‘ಹೆಣ್ಣು ಅಂದ್ರೆ ಸೀರೆ-ಬಳೆ ಅಲ್ಲ’ ಅಂತ ಕಲಿಸಿದ ಅಮ್ಮನ ಪ್ರಶ್ನೆ

ಪ್ರಶ್ನೆ: ನಾನು ದಾವಣಗೆರೆ ಕಡೆಯ ಹೈಸ್ಕೂಲ್ ಟೀಚರ್. ‘ಹುಡುಗಿ ಅಂದರೆ ಬಳೆ, ರಂಗೋಲಿ, ಅಡುಗೆಮನೆ ಅಷ್ಟೇ ಅಲ್ಲ’ ಅಂತ ಮಕ್ಕಳಿಗೆ ಹೇಳಿಕೊಂಡೇ ಬಂದವಳು. ಬೆಂಗಳೂರಿನಲ್ಲಿ ಕೆಲಸಕ್ಕಿರುವ 23 ವರ್ಷದ ನನ್ನ ಮಗ ಯುಗಾದಿಗೆ ಬಂದಾಗ ‘ಅಮ್ಮಾ, ನಾನು ಹುಡುಗ ಅಲ್ಲ, ಹುಡುಗಿ’ ಅಂದ. ಕೂದಲು ಬಿಟ್ಟಿದ್ದಾನೆ, ಉಗುರಿಗೆ ಬಣ್ಣ. ನನ್ನದೊಂದು ಸೀರೆ ಕೇಳಿದ. ನನಗೆ ಅಳುವಿಗಿಂತ ಸಿಟ್ಟೇ ಜಾಸ್ತಿ ಬಂತು. ಸೀರೆ, ನೈಲ್ ಪಾಲಿಶ್ ಅಂದರೆ ಹೆಣ್ಣಾ? ನಾನು ಇಷ್ಟು ವರ್ಷ ಯಾವುದನ್ನು ಬೇಡ ಅಂದೆನೋ ಅದನ್ನೇ ನನ್ನ ಮಗ ಎತ್ತಿ ಹಿಡಿಯುತ್ತಿದ್ದಾನಲ್ಲ. ಶಾಲೆಯಲ್ಲಿ ಅವನು ಫಾಸ್ಟ್ ಬೌಲರ್. ಗೊಂಬೆ ಮುಟ್ಟಿದವನಲ್ಲ. ಅದು ಹೇಗೆ ಹುಡುಗಿ ಆಗುತ್ತಾನೆ? ಇನ್ನೊಂದು ಭಯ ಇದೆ. ಮೂರು ವರ್ಷದವನಿದ್ದಾಗ, ಮುಡಿ ಕೊಡುವ ಮುಂಚೆ, ಲಂಗ ಉಡಿಸಿ ಮೊಗ್ಗಿನ ಜಡೆ ಹಾಕಿ ಫೋಟೊ ತೆಗೆಸಿದ್ದೆ. ಅದರಿಂದ ಹೀಗಾಯಿತಾ? ನಮ್ಮ ಯಜಮಾನರು ಮಾತು ಬಿಟ್ಟಿದ್ದಾರೆ. ಬರುವ ತಿಂಗಳು ನನ್ನ ತಂಗಿಯ ಮಗಳ ಮದುವೆ. ಸೀರೆ ಉಟ್ಟೇ ಬರುತ್ತೇನೆ ಅನ್ನುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಮೇಡಂ, ಮೊಗ್ಗಿನ ಜಡೆಯಿಂದಲೇ ಶುರುಮಾಡುತ್ತೇನೆ. ರಾತ್ರಿ ನಿಮ್ಮ ನಿದ್ದೆ ಕೆಡಿಸುತ್ತಿರುವುದು ಅದೇ ಇರಬೇಕು. ಅದರಿಂದ ಏನೂ ಆಗಿಲ್ಲ. ಮುಡಿ ತೆಗೆಸುವ ಮುಂಚೆ ಗಂಡುಮಗುವಿಗೆ ಜಡೆ ಹೆಣೆದು ಸ್ಟುಡಿಯೋಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ನಡೆದಿಲ್ಲ! ಬೆನ್ನ ಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಟ್ಟಿಗೆ ಬರುವ ಹಾಗೆ ತೆಗೆದ ಆ ಫೋಟೊ ಎಷ್ಟೋ ಗಂಡಸರ ಮನೆಯ ಆಲ್ಬಮ್ಮಿನಲ್ಲಿದೆ. ಅವರೆಲ್ಲ ಮೀಸೆ ಬಿಟ್ಟುಕೊಂಡು ಆರಾಮಾಗಿ ಓಡಾಡುತ್ತಿದ್ದಾರೆ.

ಉಡಿಸಿ ತೊಡಿಸಿ ಬೆಳೆಸಿದರೆ ಗಂಡು ಹೆಣ್ಣಾಗುತ್ತಾನಾ ಅನ್ನುವುದನ್ನು ಒಬ್ಬ ತಜ್ಞ ನಿಜವಾಗಿಯೂ ಮಾಡಿ ನೋಡಿದ್ದ. ಕೆನಡಾದಲ್ಲಿ 1965ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಅದರಲ್ಲಿ ಒಂದು ಮಗುವಿಗೆ, ಮುಂದೊಗಲು ತೆಗೆಯುವ ಸಣ್ಣ ಆಪರೇಶನ್ ಮಾಡುವಾಗ ಅಂಗವೇ ಸುಟ್ಟುಹೋಯಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿದ್ದ ಜಾನ್ ಮನಿ ಎಂಬ ಮನಶ್ಶಾಸ್ತ್ರಜ್ಞನ ಮಾತು ಕೇಳಿ, ಅಪ್ಪ ಅಮ್ಮ ಆ ಮಗುವನ್ನು ಹೆಣ್ಣಾಗಿ ಬೆಳೆಸಿದರು. ಹೆಣ್ಣು ಹೆಸರು, ಫ್ರಾಕ್, ಗೊಂಬೆ, ಆಪರೇಶನ್, ಆಮೇಲೆ ಹಾರ್ಮೋನ್, ಎಲ್ಲ ಆಯಿತು. ನಿಜ ಮಾತ್ರ ಹೇಳಲಿಲ್ಲ. ಮಗುವಿಗೆ ಒಂದು ದಿನವೂ ಅದು ಒಗ್ಗಲಿಲ್ಲ. ಹದಿನಾಲ್ಕರ ಸುಮಾರಿಗೆ ಅಪ್ಪ ನಿಜ ಹೇಳಿದಾಗ, ಅದು ಗಂಡಾಗಿ ಬದುಕಲು ತೀರ್ಮಾನಿಸಿ ಡೇವಿಡ್ ಅಂತ ಹೆಸರಿಟ್ಟುಕೊಂಡಿತು. ಡೇವಿಡ್ ರೈಮರ್ ತಾನು ಪಟ್ಟ ಪಾಡನ್ನು ಮುಂದೆ ಲೋಕಕ್ಕೆಲ್ಲ ಹೇಳಿದ. ಒಂದೇ ಕತೆಯಿಂದ ಎಲ್ಲ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಅಷ್ಟು ವರ್ಷದ ಫ್ರಾಕ್‌ನಿಂದ ಆಗದ್ದು ನಿಮ್ಮ ಒಂದು ಮಧ್ಯಾಹ್ನದ ಜಡೆಯಿಂದ ಆಗುತ್ತದಾ? ಇದನ್ನು ನಿಮ್ಮ ಯಜಮಾನರಿಗೂ ಹೇಳಿ. ಅವರು ಬಹುಶಃ ಉಲ್ಟಾ ಯೋಚಿಸುತ್ತಿರುತ್ತಾರೆ, ‘ಸ್ವಲ್ಪ ಗಟ್ಟಿಯಾಗಿ ಬೆಳೆಸಿದ್ದರೆ ಸರಿ ಇರುತ್ತಿದ್ದ’ ಅಂತ. ಅದೂ ಆಗುವುದಿಲ್ಲ.

ಇಲ್ಲಿಂದ ಮುಂದೆ ನಾನು ‘ಅವಳು’ ಅಂತಲೇ ಬರೆಯುತ್ತೇನೆ. ಅವಳೇ ಹಾಗೆ ಹೇಳಿಕೊಂಡಿದ್ದಾಳೆ. ಓದುವಾಗ ನಿಮಗೆ ಗಂಟಲು ಕಟ್ಟಬಹುದು. ನಿಧಾನಕ್ಕೆ ಓದಿ.

ಈಗ ನಿಮ್ಮ ಸಿಟ್ಟು. ಅದಕ್ಕೆ ಅರ್ಥ ಇದೆ. ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಸೀರೆ ಉಟ್ಟ ಮಾತ್ರಕ್ಕೆ ಹೆಣ್ಣಾಗುವುದಿಲ್ಲ ಅಂದಿದ್ದೀರಿ. ಸರಿ. ಅದರ ಬೆನ್ನಿಗೇ, ಫಾಸ್ಟ್ ಬೌಲರ್ ಆಗಿದ್ದ, ಗೊಂಬೆ ಮುಟ್ಟಲಿಲ್ಲ, ಹಾಗಾಗಿ ಹುಡುಗಿ ಆಗೋಕೆ ಸಾಧ್ಯವೇ ಇಲ್ಲ ಅಂದಿದ್ದೀರಿ. ಬಾಲ್ ಹಾಕಿದರೆ ಗಂಡಾ ಮೇಡಂ? ನಿಮ್ಮ ಶಾಲೆಯಲ್ಲಿ ಕ್ರಿಕೆಟ್ ಆಡುವ ಹುಡುಗಿಯರಿಗೆ ಈ ಮಾತು ಹೇಳುತ್ತೀರಾ? ಖಂಡಿತ ಇಲ್ಲ. ಹಾಗಾದರೆ ಈ ಮಗುವಿನ ವಿಷಯದಲ್ಲಿ ಮಾತ್ರ ಆ ತಕ್ಕಡಿ ಯಾಕೆ ಹೊರಗೆ ಬಂತು?

ನಿಮ್ಮನ್ನು ಸಿಕ್ಕಿಹಾಕಿಸಲು ಹೇಳುತ್ತಿಲ್ಲ. ನಾವೆಲ್ಲ ಮಾಡುವುದು ಇದನ್ನೇ. ಗಂಡಾಗಿ ಹುಟ್ಟಿ ತಾನು ಹೆಣ್ಣು ಅನ್ನುವ ಟ್ರಾನ್ಸ್‌ಜೆಂಡರ್ ವ್ಯಕ್ತಿ ಸೀರೆ ಉಟ್ಟರೆ ‘ನೋಡಿ, ಇವರಿಗೆ ಹೆಣ್ಣು ಅಂದರೆ ಬರೀ ಅಲಂಕಾರ’ ಅನ್ನುತ್ತೇವೆ. ಉಡದೆ ಜೀನ್ಸ್ ಹಾಕಿದರೆ ‘ಇವಳು ಎಲ್ಲಿಂದ ಹೆಣ್ಣು?’ ಅನ್ನುತ್ತೇವೆ. ಎರಡೂ ಕಡೆ ಬಾಗಿಲು ಹಾಕಿ ಒಳಗೆ ಬಾ ಅಂದರೆ ಹೇಗೆ ಬರುವುದು?

ನಾನು ಮನೋವೈದ್ಯೆ. ನನ್ನ ಹತ್ತಿರ ಬರುವವರು ಸೀರೆಯ ಮಾತನ್ನು ಮೊದಲು ತೆಗೆಯುವುದು ಕಡಿಮೆ. ತೆಗೆಯುವುದು ಹದಿಮೂರು ಹದಿನಾಲ್ಕರ ಮಾತು. ಗಡ್ಡ ಮೊಳೆತದ್ದು, ದನಿ ಒಡೆದದ್ದು, ಭುಜ ಅಗಲ ಆದದ್ದು. ಬೇರೆ ಹುಡುಗರು ಮೀಸೆ ಬರಲಿ ಅಂತ ಬರೀ ಕೆನ್ನೆಗೆ ರೇಜರ್ ಎಳೆದುಕೊಳ್ಳುವ ವಯಸ್ಸು ಅದು. ಒಬ್ಬಳು ಬಚ್ಚಲುಮನೆಯ ಲೈಟ್ ಆರಿಸಿ ಶೇವ್ ಮಾಡಿಕೊಳ್ಳುತ್ತಿದ್ದಳು. ಕತ್ತಲಲ್ಲಿ ಗಲ್ಲ ಕೊಯ್ದುಕೊಂಡು ಬರುತ್ತಿದ್ದಳು. ಮನೆಯವರು ಹೊಸ ರೇಜರ್ ತಂದುಕೊಟ್ಟರು, ಒಳ್ಳೆಯ ಕ್ರೀಮ್ ತಂದುಕೊಟ್ಟರು. ಲೈಟ್ ಯಾಕೆ ಹಾಕುವುದಿಲ್ಲ ಅಂತ ಯಾರೂ ಕೇಳಲಿಲ್ಲ. ಕನ್ನಡಿಯಲ್ಲಿ ಕಾಣುವ ಆ ಮುಖ ತನ್ನದು ಅನ್ನಿಸುತ್ತಿರಲಿಲ್ಲ ಅವಳಿಗೆ. ಎಲ್ಲರಿಗೂ ಇಷ್ಟು ತೀವ್ರವಾಗಿ ಇರುವುದಿಲ್ಲ. ಕೆಲವರಿಗೆ ದೇಹದ ಮೇಲೆ ಬೇಸರವೇ ಇಲ್ಲ, ಜನ ತಮ್ಮನ್ನು ಗಂಡಸು ಅಂತ ಕರೆಯುವಾಗ ಮಾತ್ರ ಬೇರೆ ಯಾರನ್ನೋ ಕರೆದ ಹಾಗಿರುತ್ತದೆ.

ನಾನು ಅವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ‘ನಾಳೆ ಬೆಳಗ್ಗೆಯಿಂದ ಯಾರೂ ಬಟ್ಟೆ ನೋಡಿ, ಕೆಲಸ ನೋಡಿ ಗಂಡು ಹೆಣ್ಣು ಅಂತ ತೀರ್ಮಾನಿಸುವುದಿಲ್ಲ ಅಂದುಕೋ. ಏನು ಬೇಕಾದರೂ ಉಡು, ಏನು ಬೇಕಾದರೂ ಆಡು. ಆಗ ನಿನಗೇನು ಬೇಕು?’ ಕೆಲವರು ನಕ್ಕು, ‘ಹಾಗಾದರೆ ಈ ಸೀರೆ ತೊಂದರೆ ಯಾರಿಗೆ ಬೇಕು ಡಾಕ್ಟ್ರೇ, ಆದರೆ ಈ ಗಡ್ಡ ಮಾತ್ರ ಬೇಡ’ ಅನ್ನುತ್ತಾರೆ. ಇನ್ನು ಕೆಲವರು, ಜಾಸ್ತಿ ಹದಿಹರೆಯದವರು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಿದ್ದರೆ ನಾನು ಹೀಗೇ ಇರಬಹುದು’ ಅನ್ನುತ್ತಾರೆ. ಇವರು ಹೆಚ್ಚಾಗಿ ಶಾಲೆಯಲ್ಲಿ ‘ಹೆಣ್ಣಿಗ’ ಅಂತಲೋ ‘ಗಂಡುಬೀರಿ’ ಅಂತಲೋ ಅನ್ನಿಸಿಕೊಂಡು ನೊಂದವರು. ಭರತನಾಟ್ಯ ಕಲಿಯುವ ಹುಡುಗ, ಕೂದಲು ಕತ್ತರಿಸಿಕೊಂಡ ಹುಡುಗಿ. ಇವರ ನೋವು ಸಮಾಜದ ಅಚ್ಚಿನಿಂದ ಬಂದದ್ದು. ಇಬ್ಬರ ನೋವೂ ನಿಜ, ಆದರೆ ಒಂದೇ ಅಲ್ಲ. ಬೇರ್ಪಡಿಸಲು ಸಮಯ ಬೇಕು, ಸಮಾಧಾನವಾಗಿ ಕೇಳಿಸಿಕೊಳ್ಳುವವರು ಬೇಕು. ನಿಮ್ಮ ಮಗು ಯಾವ ಕಡೆ ಅನ್ನುವುದನ್ನು ಪತ್ರ ಓದಿ ನಾನು ಹೇಳಲಾರೆ, ಹೇಳಬಾರದು. 23 ವರ್ಷದವಳು ಹಬ್ಬಕ್ಕೆ ಮನೆಗೆ ಬಂದು ಅಮ್ಮನ ಎದುರು ನಿಂತು ಹೇಳಿದ್ದಾಳೆ ಅಂದರೆ ಸುಮ್ನೆ ಬಾಯಿಗೆ ಬಂದ ಮಾತಾಗಿರಲಾರದು ಅಂತ ಮಾತ್ರ ಹೇಳಬಲ್ಲೆ.

ಅಂದಹಾಗೆ, ವೇಷಕ್ಕೂ ಒಳಗಿನ ಭಾವಕ್ಕೂ ವ್ಯತ್ಯಾಸ ಇದೆ ಅನ್ನುವುದು ನಮ್ಮ ಜನಕ್ಕೆ ಹೊಸದೇನಲ್ಲ. ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೋಡಿ ಹೆಂಗಸರೇ ಮೂಗಿನ ಮೇಲೆ ಬೆರಳಿಟ್ಟವರು. ಬಣ್ಣ ಒರೆಸಿದ ಮೇಲೆ ಸ್ತ್ರೀವೇಷದವರು ಗಂಡಸರಾಗಿಯೇ ಮನೆಗೆ ಹೋಗುತ್ತಾರೆ, ಅದರಲ್ಲಿ ಯಾರಿಗೂ ಗೊಂದಲ ಇಲ್ಲ. ಸೀರೆ ಉಟ್ಟೂ ಗಂಡಸಾಗಿ ಇರಬಹುದು ಅಂತ ನಾವು ಒಪ್ಪಿದ್ದೇವೆ. ಪ್ಯಾಂಟು ಹಾಕಿಯೂ ಹೆಣ್ಣಾಗಿ ಇರಬಹುದು ಅಂತಲೂ ಒಪ್ಪಿದ್ದೇವೆ.

ಹಾಗಾದರೆ ಟ್ರಾನ್ಸ್ ಮಹಿಳೆಯರಲ್ಲಿ ಅಷ್ಟೊಂದು ಜನ ದೊಡ್ಡ ಕುಂಕುಮ, ಕೈತುಂಬ ಬಳೆ, ಮೊಳ ಮಲ್ಲಿಗೆ ಅಂತ ಯಾಕೆ ಇರುತ್ತಾರೆ? ನಿಮ್ಮ ಪ್ರಶ್ನೆಯ ತಿರುಳು ಇದು. ಇದಕ್ಕೆ ಒಂದು ಉತ್ತರ ಗಂಟಲಿನಲ್ಲಿದೆ. ಹದಿವಯಸ್ಸಿನಲ್ಲಿ ಗಂಡಿನ ಹಾರ್ಮೋನ್ ಟೆಸ್ಟೋಸ್ಟೆರಾನ್ ಏರಿದಾಗ ಧ್ವನಿತಂತುಗಳು ದಪ್ಪ ಆಗುತ್ತವೆ. ಆಮೇಲೆ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಎಷ್ಟು ತೆಗೆದುಕೊಂಡರೂ ಅವು ತೆಳುವಾಗುವುದಿಲ್ಲ, ದನಿ ಮೇಲೇರುವುದಿಲ್ಲ. ಮೊಳೆತ ಗಡ್ಡವೂ ಉದುರುವುದಿಲ್ಲ. ಅದಕ್ಕೆ ಲೇಸರ್ ಬೇಕು. ಟ್ರಾನ್ಸ್ ಪುರುಷರ ಕತೆ ಬೇರೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರು ಟೆಸ್ಟೋಸ್ಟೆರಾನ್ ತೆಗೆದುಕೊಂಡರೆ ಕೆಲವೇ ತಿಂಗಳಲ್ಲಿ ದನಿ ಒಡೆಯುತ್ತದೆ, ನಿಧಾನಕ್ಕೆ ಗಡ್ಡವೂ ಬರುತ್ತದೆ. ಬೀದಿಯಲ್ಲಿ ಅವರನ್ನು ಯಾರೂ ತಿರುಗಿ ನೋಡುವುದಿಲ್ಲ. ನೀವು ಬಸ್ಸಿನಲ್ಲಿ ಟ್ರಾನ್ಸ್ ಪುರುಷರ ಪಕ್ಕ ಕೂತಿರಲೂ ಸಾಕು, ಗೊತ್ತಾಗಿರುವುದಿಲ್ಲ.

ಅಂದರೆ ಟ್ರಾನ್ಸ್ ಮಹಿಳೆ ಬಾಯಿ ತೆರೆದ ಕೂಡಲೇ ಎದುರಿನವರ ಕಣ್ಣು ಬದಲಾಗುತ್ತದೆ. ಆ ಕಣ್ಣಿಗೆ ಉತ್ತರವಾಗಿ ಅವಳು ಕುಂಕುಮ ದೊಡ್ಡದು ಮಾಡುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ ಫ್ರೀ. ಟಿ-ಶರ್ಟ್ ಹಾಕಿ ಕೂದಲು ಗಂಟು ಕಟ್ಟಿಕೊಂಡು ಹತ್ತಿದರೆ ಕಂಡಕ್ಟರ್ ಕಾರ್ಡನ್ನೂ ಮುಖವನ್ನೂ ಮೂರು ಸಲ ನೋಡುತ್ತಾರೆ. ಹಿಂದಿನ ಸೀಟಿನವರು ಕಿಸಕ್ ಅನ್ನುತ್ತಾರೆ. ಸೀರೆ ಉಟ್ಟು ಹತ್ತಿದರೆ ಆ ಕಿರಿಕಿರಿ ಒಂದಿಷ್ಟು ಕಡಿಮೆ. ನಿಮಗೂ ನನಗೂ ಇದು ಬೇಕಿಲ್ಲ. ನಾವು ಬೋಳು ಹಣೆಯಲ್ಲಿ, ನೈಟಿಯ ಮೇಲೆ ಟವೆಲ್ ಹಾಕಿಕೊಂಡು ಹಾಲು ತರಲು ಹೋದರೂ ನಾವು ಹೆಂಗಸರೇ.

ವೈದ್ಯರೂ ಇದರಲ್ಲಿ ಕಡಿಮೆ ಪಾಲುದಾರರಲ್ಲ. ಆಗಲೇ ಹೇಳಿದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1966ರಲ್ಲಿ ಟ್ರಾನ್ಸ್ ವ್ಯಕ್ತಿಗಳ ಚಿಕಿತ್ಸೆಗೆಂದೇ ಒಂದು ಕ್ಲಿನಿಕ್ ಶುರುವಾಯಿತು. ಬೇರೆ ಕಡೆಯೂ ಬಂದವು. ಆ ಕಾಲದ ವೈದ್ಯರು ಬಂದವರ ನಡೆ, ಉಡುಗೆ, ಸೌಂದರ್ಯ ನೋಡಿ ‘ಇವಳು ಹೆಣ್ಣಾಗಿ ನಡೆಯುತ್ತಾಳೆ’ ಅನ್ನಿಸಿದರೆ ಮಾತ್ರ ಮುಂದಿನ ಚಿಕಿತ್ಸೆ ಕೊಡುತ್ತಿದ್ದರು. ಪ್ಯಾಂಟು ಹಾಕಿಕೊಂಡು ಬಂದವಳ ಮೇಲೆ ಅನುಮಾನ. ಜನ ಏನು ಮಾಡಿದರು? ಯಾವ ಉತ್ತರಕ್ಕೆ ಬಾಗಿಲು ತೆರೆಯುತ್ತದೆ ಅಂತ ಒಬ್ಬರಿಂದೊಬ್ಬರು ಕಲಿತು, ಸ್ಕರ್ಟ್ ಹಾಕಿ, ಲಿಪ್‌ಸ್ಟಿಕ್ ಹಚ್ಚಿ, ಚಿಕ್ಕಂದಿನಲ್ಲಿ ಗೊಂಬೆ ಆಡುತ್ತಿದ್ದೆ ಅಂತ ಹೇಳಿದರು. ಆಮೇಲೆ ‘ನೋಡಿ, ಇವರೆಲ್ಲ ಗೊಂಬೆ ಆಡಿದವರೇ’ ಅಂತ ವೈದ್ಯರು ಬರೆದರು! ಸಮಾಜವೇ ಪರೀಕ್ಷೆ ಇಟ್ಟು, ಸಮಾಜವೇ ಉತ್ತರ ಹೇಳಿಕೊಟ್ಟು, ಕೊನೆಗೆ ಇವರು ಕಾಪಿ ಹೊಡೆದರು ಅಂತ ಬಯ್ಯುವುದು ಇದು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಬಗೆ ಇದೆ. ಉತ್ತರ ಕರ್ನಾಟಕದ ಜೋಗಪ್ಪಗಳನ್ನು ನೀವು ನೋಡಿರುತ್ತೀರಿ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಕೊಡ ಹೊತ್ತು ಬರುವವರು. ಮಂಜಮ್ಮ ಜೋಗತಿ ತಮ್ಮ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಬಳ್ಳಾರಿ ಜಿಲ್ಲೆಯ ಹುಡುಗ ಮಂಜುನಾಥನನ್ನು ಮನೆಯವರೇ ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋಗಿ, ಉಡದಾರ ಹರಿಸಿ, ಮುತ್ತು ಕಟ್ಟಿಸಿ, ಬಳೆ ತೊಡಿಸಿದರು. ಮಗ ಇನ್ನಿಲ್ಲ ಅಂತ ತಾಯಿ ಅತ್ತರು. ಆ ಮಗುವೇ ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ ಆಯಿತು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳ ಎದುರು ನಿಂತು ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು.

ಹೆಮ್ಮೆಯ ವಿಷಯವೇ. ಆದರೆ ಗಮನಿಸಿ, ನಮ್ಮ ಸಮಾಜ ಇವರಿಗೆ ಒಂದು ಜಾಗ ಕೊಟ್ಟಿತು, ಆ ಜಾಗಕ್ಕೆ ಒಂದೇ ಅಳತೆಯ ಬಟ್ಟೆ ಹೊಲಿಸಿಟ್ಟಿತು. ದೇವಿಯ ಹೆಸರಿನಲ್ಲಿ ಬಂದರೆ ಕಾಲಿಗೆ ಬೀಳುತ್ತೇವೆ. ಅಂಗಡಿ ಪೂಜೆಗೆ ಬಂದು ಹರಸಿದರೆ ನೋಟು ಕೊಡುತ್ತೇವೆ. ಸಿಗ್ನಲ್‌ನಲ್ಲಿ ಗಾಜು ಏರಿಸುತ್ತೇವೆ. ಮಕ್ಕಳನ್ನು ಹಿಡಿದುಕೊಂಡು ಹೋಗುತ್ತಾರೆ ಅಂತ ಹೆದರಿಸುತ್ತೇವೆ. ಈ ಕೊನೆಯ ಭಯವನ್ನು ಬ್ರಿಟಿಷರು 1871ರಲ್ಲೇ ಕಾನೂನು ಮಾಡಿ ಇವರ ಹೆಸರು, ವಿಳಾಸ ಬರೆಸಿಕೊಂಡರು. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೂ 2011ರಲ್ಲಿ ಅದೇ ಧಾಟಿಯ 36ಎ ಎಂಬ ಕಲಂ ಸೇರಿತ್ತು. ಕೋರ್ಟಿಗೆ ಹೋದ ಮೇಲೆ ತಿದ್ದಿದರು. ಹರಸುವವರು, ಶಪಿಸುವವರು, ಬೇಡುವವರು. ಬೆಂಗಳೂರಿನ ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ತಿಂಗಳ ಕೊನೆಗೆ ಬಾಡಿಗೆ ಕಟ್ಟುವ ಟ್ರಾನ್ಸ್ ಹುಡುಗಿಗೆ ಇದರಲ್ಲಿ ಎಲ್ಲಿ ಜಾಗ? ನಿಮ್ಮ ಮಗಳು ಅಲ್ಲಿದ್ದಾಳೆ. ನಿಮ್ಮ ಕಣ್ಣ ಮುಂದೆ ಬಂದು ನಿಲ್ಲುವ ಚಿತ್ರ ಮಾತ್ರ ಸಿಗ್ನಲ್‌ನದು ಇರಬೇಕು. ನಿಮ್ಮ ಯಜಮಾನರಿಗಂತೂ ಖಂಡಿತ.

ಇನ್ನು ಚಿಕಿತ್ಸೆ. ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಮಾತು ಬಂದೇ ಬಂದಿರುತ್ತದೆ. ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಬೇರೆ ಕಡೆ ಇಟ್ಟಿದ್ದಾರೆ. ‘ಸರಿ ಮಾಡಿಕೊಡುತ್ತೇನೆ’ ಅನ್ನುವ ಡಾಕ್ಟರ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಹಾಗೆ ಮಾಡುವುದು ವೃತ್ತಿಯ ನಡತೆಗೆ ವಿರುದ್ಧ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮದುವೆ ಮಾಡಿದರೆ ಸರಿಹೋಗುತ್ತದೆ ಅನ್ನುವ ನೆಂಟರಿಗಂತೂ ಕಿವಿ ಕೊಡಬೇಡಿ. ಅದರಿಂದ ಇನ್ನೊಬ್ಬರ ಮನೆಯ ಹೆಣ್ಣುಮಗಳ ಬದುಕೂ ಹಾಳು.

ಅವಳ ಮೈಗೆ ಸಂಬಂಧಪಟ್ಟು ಒಂದೇ ಒಂದು ವಿಷಯದಲ್ಲಿ ನೀವು ಹಟ ಹಿಡಿಯಬಹುದು. ತಾನಾಗಿ ಹಾರ್ಮೋನ್ ನುಂಗುತ್ತಿದ್ದಾಳಾ ಅಂತ ಕೇಳಿ. ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು, ಅಳತೆ ಮೀರಿ ನುಂಗುವವರು ಬಹಳ ಜನ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಸಿಗರೇಟ್ ಸೇದುವವರಾದರೆ ಇನ್ನೂ ಜಾಸ್ತಿ. ಹಾರ್ಮೋನ್ ತಜ್ಞರ ಹತ್ತಿರ ಹೋಗಿ, ರಕ್ತ ಪರೀಕ್ಷೆ ಮಾಡಿಸಿಯೇ ಶುರುಮಾಡಬೇಕು. ಮುಂದೆ ಮಕ್ಕಳು ಬೇಕು ಅನ್ನಿಸಬಹುದಾ, ವೀರ್ಯ ಶೇಖರಿಸಿ ಇಡಬೇಕಾ ಅನ್ನುವುದನ್ನೂ ಮೊದಲೇ ಮಾತಾಡಬೇಕು. ಕೂದಲು, ಹೆಸರು, ಬಟ್ಟೆ ಇವೆಲ್ಲ ಯಾವಾಗ ಬೇಕಾದರೂ ಹಿಂದೆ ತಿರುಗಿಸಬಹುದಾದವು. ಹಾರ್ಮೋನ್ ಅರ್ಧಂಬರ್ಧ. ಆಪರೇಶನ್ ತಿರುಗಿಸಲು ಬರುವುದಿಲ್ಲ. ಮಾಡಿಸಿಕೊಂಡು ಆಮೇಲೆ ಬೇಡವಾಗಿತ್ತು ಅಂದವರೂ ಇದ್ದಾರೆ, ಮುಚ್ಚಿಡುವುದಿಲ್ಲ. ಅದಕ್ಕೇ ಆತುರ ಬೇಡ. ಆದರೆ ‘ಆತುರ ಬೇಡ’ ಅನ್ನುವ ಮಾತು ನೈಲ್ ಪಾಲಿಶ್‌ಗೆ ಅನ್ವಯಿಸುವುದಿಲ್ಲ. ಎಲ್ಲ ಟ್ರಾನ್ಸ್ ವ್ಯಕ್ತಿಗಳೂ ಹಾರ್ಮೋನ್, ಆಪರೇಶನ್ ಬಯಸುವುದೂ ಇಲ್ಲ.

ಕಾನೂನಿನ ಬಗ್ಗೆ ಎರಡು ಮಾತು ಸಾಕು. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾನು ಗಂಡು, ಹೆಣ್ಣು ಅಥವಾ ತೃತೀಯ ಲಿಂಗಿ ಅಂತ ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಆಪರೇಶನ್ ಮಾಡಿಸಿರಬೇಕು ಅಂತ ಒತ್ತಾಯಿಸುವಂತಿಲ್ಲ ಅಂದಿತು. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ನೇರ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿಯನ್ನೂ ತಂದಿತು. ದಾಖಲೆ ಮಾಡಿಸುವ ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಹೊತ್ತಿಗೆ ವಕೀಲರನ್ನು ಕೇಳಿಯೇ ಹಾಕಲಿ.

ನಿಮ್ಮ ಯಜಮಾನರು ಮಾತು ಬಿಟ್ಟಿದ್ದಾರೆ ಅಂದಿರಿ. ಮಧ್ಯಸ್ಥಿಕೆಗೆ ಹೋಗಿ ನೀವು ಸೊರಗಬೇಡಿ. ಗಂಡಸರಿಗೆ ಈ ವಿಷಯದಲ್ಲಿ ಅಚ್ಚಿನ ಬಿಗಿ ಇನ್ನೂ ಜಾಸ್ತಿ. ಮಗಳು ಪ್ಯಾಂಟು ಹಾಕಿದರೆ ‘ಧೈರ್ಯವಂತೆ’ ಅಂತ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಮಗ ಅಂದುಕೊಂಡವರು ಸೀರೆ ಉಟ್ಟರೆ ಅಪ್ಪನ ಮಾನವೇ ಹೋದ ಹಾಗೆ. ಹೆಣ್ಣಾಗುವುದು ಅಂದರೆ ಒಂದು ಮೆಟ್ಟಿಲು ಇಳಿಯುವುದು ಅನ್ನುವ ಲೆಕ್ಕ ಅದರ ಒಳಗಿದೆ. ನೀವು ಶಾಲೆಯಲ್ಲಿ ಇಷ್ಟು ವರ್ಷ ಜಗಳ ಆಡಿದ್ದು ಆ ಲೆಕ್ಕದ ಜೊತೆಗೇ ಅಲ್ವಾ? ಮಗುವಿನ ಫೋನ್ ಬಂದಾಗ ನೀವು ಸ್ಪೀಕರ್ ಹಾಕಿ, ಅವರು ಪಕ್ಕದಲ್ಲಿ ಕೂತು ಪೇಪರ್ ಓದಲಿ. ಸದ್ಯಕ್ಕೆ ಅಷ್ಟು ಸಾಕು.

ಮದುವೆಯ ವಿಷಯ. ಸೀರೆ ಉಡಬೇಕಾ ಬೇಡವಾ ಅಂತ ನೀವಿಬ್ಬರೇ ಜಗ್ಗಾಡಬೇಡಿ. ಮದುವೆ ನಿಮ್ಮ ತಂಗಿಯ ಮಗಳದ್ದು. ಮೊದಲು ಆ ಹುಡುಗಿಗೆ ಗೊತ್ತಾಗಬೇಕು. ಆದರೆ ಹೇಳಬೇಕಾದವಳು ನಿಮ್ಮ ಮಗಳು, ನೀವಲ್ಲ. ಅವಳ ಒಪ್ಪಿಗೆ ಇಲ್ಲದೆ ನೀವು ಯಾರಿಗೂ ಹೇಳಲು ಹೋಗಬೇಡಿ, ತಂಗಿಗೂ ಸಹ. ಅಕ್ಕ ತಂಗಿಯರಂತೆ ಬೆಳೆದ ಮಕ್ಕಳು ದೊಡ್ಡವರಿಗಿಂತ ಬೇಗ ಒಪ್ಪುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಆಮೇಲೆ ಮಗಳನ್ನು ಕೂರಿಸಿಕೊಂಡು ಕೇಳಿ: ಅವತ್ತು ನಿನಗೆ ಏನು ಬೇಕು? ಸೀರೆಯೇ ಬೇಕಾ, ಅಥವಾ ಪಂಚೆ-ಶಲ್ಯ ಹೊದ್ದು ಗಂಡಸರ ಪಂಕ್ತಿಯಲ್ಲಿ ಕೂರುವುದು ಬೇಡ ಅನ್ನುವುದಷ್ಟೇನಾ? ಎರಡನೆಯದಾದರೆ ಕುರ್ತಾ, ಚೂಡಿದಾರ್, ಏನಾದರೂ ನಡೆಯುತ್ತದೆ. ಸೀರೆಯೇ ಅಂದರೆ, ಜರತಾರಿ ಬೇಡ. ಮೊದಲ ಸಲ ಉಡುವವರಿಗೆ ಅದು ನಿಲ್ಲುವುದಿಲ್ಲ, ಸಭಾಂಗಣದ ಮಧ್ಯೆ ನೆರಿಗೆ ಜಾರಿದರೆ ಕಷ್ಟ. ನಿಮ್ಮ ಹತ್ತಿರ ಇರುವ ಮೆತ್ತನೆಯ ಮೈಸೂರು ಸಿಲ್ಕ್ ಕೊಡಿ. ಮುಂಚಿನ ವಾರ ಮನೆಯಲ್ಲೇ ಉಟ್ಟು ಓಡಾಡಲಿ. ಬ್ಲೌಸ್ ಹೊಲಿಸಲು ಈಗಲೇ ಕೊಡಿ, ಮದುವೆ ಸೀಸನ್, ಟೈಲರ್ ಕೈಗೆ ಸಿಗುವುದಿಲ್ಲ. ಅವತ್ತು ಯಾರಾದರೂ ದೊಡ್ಡವರು ಹತ್ತಿರ ಬಂದು ‘ಏನಮ್ಮಾ ಇದು?’ ಅಂದರೆ, ಭಾಷಣ ಮಾಡಲು ಹೋಗಬೇಡಿ. ‘ನಮ್ಮ ಮಗಳು ದೊಡ್ಡಪ್ಪಾ, ಬೆಂಗಳೂರಿಂದ ಬಂದಿದ್ದಾಳೆ. ನಿಮ್ಮದು ಊಟ ಆಯ್ತಾ?’ ಅನ್ನಿ. ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದಾರೆ ಅಂತಲೂ ಸೇರಿಸಿ.